ವಾರ್ಡೇ ತರಗತಿ: ಬಿ.ಎಸ್ಸಿ. ನರ್ಸಿಂಗ್‌ನ ನಾಲ್ಕು ವರ್ಷ

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳ ಪದವಿ. ಇದರ ಪಠ್ಯಕ್ರಮವನ್ನು ಇಡೀ ದೇಶಕ್ಕೆ ರೂಪಿಸಿಕೊಟ್ಟಿರುವುದು 1947ರ ಕಾಯ್ದೆಯಡಿ ಹುಟ್ಟಿದ ಭಾರತೀಯ ಶುಶ್ರೂಷಾ ಪರಿಷತ್ತು. ಕರ್ನಾಟಕದ ಬಹುಪಾಲು ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುವುದು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪದವಿ ಕೈಗೆ ಬಂದ ಮೇಲೆ ನರ್ಸ್ ಆಗಿ ಕೆಲಸ ಮಾಡಲು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಹಳೆಯ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ತಂದಿದೆ.

ಈ ಕಸುಬು ಮೊದಲು ಬೆಳೆದದ್ದು ಆಸ್ಪತ್ರೆಗಳ ಒಳಗೇ. ಬೆಂಗಳೂರಿನ ಸೇಂಟ್ ಮಾರ್ಥಾಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗಳಂತಹ ಮಿಷನ್ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳು ರೋಗಿಗಳ ಆರೈಕೆ ಮಾಡುತ್ತಲೇ ವಿದ್ಯೆ ಕಲಿತರು. ಆ ಪದ್ಧತಿಯ ಮುಂದುವರಿಕೆಯೇ ಇಂದಿನ ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ. ನರ್ಸಿಂಗ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು 1946ರಲ್ಲಿ. ದಿಲ್ಲಿಯ ನರ್ಸಿಂಗ್ ಕಾಲೇಜು ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಆ ವರ್ಷ ದೇಶದ ಮೊದಲ ಪದವಿ ಕೋರ್ಸುಗಳನ್ನು ತೆರೆದವು. ದಿಲ್ಲಿಯ ಕಾಲೇಜು ಈಗ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು ಹೊತ್ತಿದೆ.

ಪ್ರವೇಶಕ್ಕೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಒಟ್ಟಾರೆ ಶೇ 45 ಅಂಕ ಪಡೆದಿರಬೇಕು, ಇಂಗ್ಲಿಷಿನಲ್ಲೂ ತೇರ್ಗಡೆಯಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಗಣಿತ ಕಡ್ಡಾಯವಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗಂಡುಮಕ್ಕಳಿಗೂ ಬಾಗಿಲು ತೆರೆದಿದೆ. ವಾರ್ಡಿನಲ್ಲಿ ‘ಸಿಸ್ಟರ್’ ಎಂಬ ಕರೆಯ ಜೊತೆಗೆ ‘ಬ್ರದರ್’ ಎಂಬುದೂ ಈಗ ಸಹಜವಾಗಿ ಕೇಳಿಸುತ್ತದೆ. ರಾಜ್ಯದ ಸರ್ಕಾರಿ ಕೋಟಾ ಸೀಟುಗಳು ಕೆಲವು ವರ್ಷಗಳಿಂದ ಸಿ.ಇ.ಟಿ. ಮೂಲಕ ಹಂಚಿಕೆಯಾಗುತ್ತಿವೆ. ನಿಮ್ಹಾನ್ಸ್, ಏಮ್ಸ್‌ನಂತಹ ಸಂಸ್ಥೆಗಳದು ಬೇರೆಯೇ ಆಯ್ಕೆ ಕ್ರಮ. ಸೇನಾ ಶುಶ್ರೂಷಾ ಸೇವೆಯ ಕಾಲೇಜುಗಳು ನೀಟ್ ಅಂಕಗಳನ್ನು ಕೇಳುತ್ತವೆ. ಇವುಗಳಲ್ಲೊಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ. ಹೆಣ್ಣುಮಕ್ಕಳಿಗಾಗಿ ಇರುವ ಈ ಕೋರ್ಸಿನಲ್ಲಿ ಓದಿನ ಖರ್ಚನ್ನು ಸೇನೆಯೇ ಭರಿಸುತ್ತದೆ. ಮುಗಿಸಿದವರು ಲೆಫ್ಟಿನೆಂಟ್ ಆಗಿ ಸೇವೆಗೆ ಸೇರುತ್ತಾರೆ.

ಕಾಲೇಜು ಆರಿಸುವಾಗ ಮನೆಯವರು ಹೆಚ್ಚಾಗಿ ನೋಡುವುದು ಶುಲ್ಕ, ಹಾಸ್ಟೆಲ್ ಮತ್ತು ಕಟ್ಟಡವನ್ನು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಆ ಕಾಲೇಜಿನ ಮಕ್ಕಳು ಕಲಿಯುವ ಆಸ್ಪತ್ರೆ ಯಾವುದು ಎಂದು. ಅಲ್ಲಿ ಎಷ್ಟು ಹಾಸಿಗೆಗಳಿವೆ, ಎಷ್ಟು ಭರ್ತಿಯಾಗಿರುತ್ತವೆ, ಹೆರಿಗೆಗಳು ನಡೆಯುತ್ತವೆಯೇ, ಮಕ್ಕಳ ವಾರ್ಡು ಮತ್ತು ತೀವ್ರ ನಿಗಾ ಘಟಕ ಇವೆಯೇ? ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಇರಬೇಕು. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ, ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಆದರೆ ಕಾಲೇಜು ಹೆಚ್ಚಿದಷ್ಟು ಸುಲಭವಾಗಿ ಆಸ್ಪತ್ರೆಯ ಹಾಸಿಗೆಗಳು ಹೆಚ್ಚುವುದಿಲ್ಲ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಳೆದ ನಾಲ್ಕು ವರ್ಷಕ್ಕೆ ಅಂಕಪಟ್ಟಿ ಸಿಗಬಹುದು, ಕೈಗೆ ಕೆಲಸ ಬರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಸೆಮಿಸ್ಟರಿನ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದ ದಪ್ಪ ಇಂಗ್ಲಿಷ್ ಪುಸ್ತಕಗಳು ದಿಗಿಲು ಹುಟ್ಟಿಸುತ್ತವೆ. ಪಿಯುಸಿ ಮುಗಿದ ರಜೆಯಲ್ಲೇ ಜೀವಶಾಸ್ತ್ರದ ಮಾನವ ದೇಹದ ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದಿಕೊಂಡರೆ ಅರ್ಧ ಭಯ ಕಳೆಯುತ್ತದೆ. ಅದೇ ವಿದ್ಯಾರ್ಥಿಗಳು ವಾರ್ಡಿಗೆ ಇಳಿದಾಗ ಎಲ್ಲರಿಗಿಂತ ಮುಂದಿರುತ್ತಾರೆ. ‘ಸಂಕಟ ಆಗ್ತಿದೆ’, ‘ಹೊಟ್ಟೆ ತೊಳೆಸುತ್ತೆ’, ‘ತಲೆ ಗಿರ್ರನ್ನುತ್ತೆ’ ಎಂಬ ಮಾತುಗಳ ನಡುವಿನ ವ್ಯತ್ಯಾಸ ಅವರಿಗೆ ಹೇಳಿಕೊಡದೆ ಗೊತ್ತು. ಹೊರರಾಜ್ಯದವರು ಇದನ್ನು ಸಹಪಾಠಿಗಳಿಂದ, ಆಯಾಗಳಿಂದ, ರೋಗಿಗಳಿಂದ ಒಂದೊಂದೇ ಪದವಾಗಿ ಕಲಿಯಬೇಕಾಗುತ್ತದೆ.

ಮೊದಲ ವರ್ಷದ ತಿರುಳು ‘ನರ್ಸಿಂಗ್ ಫೌಂಡೇಶನ್’ ಎಂಬ ವಿಷಯ. ಹಾಸಿಗೆ ಹಾಸುವುದು, ರೋಗಿಗೆ ಮೈ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು, ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡುವುದು ಇಲ್ಲಿಯ ಪಾಠಗಳು. ಹೊರಗಿನವರಿಗೆ ಇವು ಸಣ್ಣ ಕೆಲಸಗಳೆನಿಸುತ್ತವೆ, ಇದಕ್ಕೆ ಪದವಿ ಏಕೆ ಎಂದು ಕೇಳುವವರೂ ಇದ್ದಾರೆ. ಸುಕ್ಕಾದ ಹಾಸಿಗೆಯ ಮೇಲೆ ಒಂದೇ ಮಗ್ಗುಲಲ್ಲಿ ಬಿದ್ದಿರುವ ಪಾರ್ಶ್ವವಾಯು ರೋಗಿಗೆ ಕೆಲವೇ ದಿನಗಳಲ್ಲಿ ಬೆನ್ನುಹುಣ್ಣು ಆಗುತ್ತದೆ. ಅದು ಕೊಳೆತು ರಕ್ತಕ್ಕೆ ನಂಜೇರಿದರೆ ಜೀವವೇ ಹೋಗಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನರ್ಸು ಆ ಸಾವನ್ನು ತಡೆಯುತ್ತಾರೆ. ಮೈ ಒರೆಸುವ ಹತ್ತು ನಿಮಿಷದಲ್ಲೇ ಚರ್ಮ ಕೆಂಪೇರಿದ್ದು, ಕಾಲು ಬಾತಿದ್ದು, ರೋಗಿಯ ಮಾತು ತೊದಲುತ್ತಿರುವುದು ಕಣ್ಣಿಗೆ ಬೀಳುವುದು. ಈ ಕೆಲಸಗಳನ್ನೆಲ್ಲ ಮೊದಲು ಪ್ರಯೋಗಾಲಯದ ಮ್ಯಾನಿಕಿನ್ ಮೇಲೆ ಮಾಡಿ ತೋರಿಸಬೇಕು, ಆಮೇಲೆ ಅಧ್ಯಾಪಕರ ಕಣ್ಣೆದುರು ರೋಗಿಯ ಬಳಿ. ಮಾಡಿದ್ದೆಲ್ಲ ಲಾಗ್ ಬುಕ್ಕಿನಲ್ಲಿ ದಾಖಲಾಗಿ ಸಹಿ ಬೀಳಬೇಕು. ದೀಪ ಬೆಳಗಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭವೂ ಸಾಮಾನ್ಯವಾಗಿ ಈ ಮೊದಲ ವರ್ಷದಲ್ಲೇ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಆ ಪ್ರತಿಜ್ಞೆಯನ್ನು ಬರೆದದ್ದು ಆಕೆಯಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದಲ್ಲಿ ಅದು ಸಿದ್ಧವಾಯಿತು.

ಎರಡನೇ ವರ್ಷ ಸೂಕ್ಷ್ಮಜೀವಿಶಾಸ್ತ್ರ, ರೋಗಶಾಸ್ತ್ರ, ಔಷಧಶಾಸ್ತ್ರ ಮತ್ತು ವಯಸ್ಕರ ಶುಶ್ರೂಷೆಯದು. ಇಲ್ಲಿ ಲೆಕ್ಕ ತಪ್ಪುವಂತಿಲ್ಲ. ಒಂದು ಲೀಟರ್ ಗ್ಲೂಕೋಸ್ ಅನ್ನು ಎಂಟು ಗಂಟೆಯಲ್ಲಿ ಕೊಡಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿಲಿಲೀಟರಿಗೆ 20 ಹನಿ ಎಂದರೆ, ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಹೃದಯ ದುರ್ಬಲವಾದ ವೃದ್ಧರಿಗೆ ಅದೇ ಬಾಟಲಿ ಎರಡು ಗಂಟೆಯಲ್ಲಿ ಇಳಿದುಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದನ್ನು ಪ್ರತಿ ಇಂಜೆಕ್ಷನ್‌ಗೂ ಮುನ್ನ ನೋಡಿಕೊಳ್ಳುವ ಅಭ್ಯಾಸ ಈ ವರ್ಷ ಬೇರೂರಬೇಕು. ವೈದ್ಯರು ಬರೆದ ಪ್ರಮಾಣದ ಬಗ್ಗೆ ಅನುಮಾನ ಬಂದರೆ ಕೊಡುವ ಮೊದಲು ಮರಳಿ ಕೇಳುವುದೂ ಪಾಠದ ಭಾಗವೇ. ಹತ್ತೊಂಬತ್ತು ವರ್ಷದ ಹುಡುಗಿಗೆ ಅದಕ್ಕೆ ಬೇಕಾದ ಧೈರ್ಯ ದೊಡ್ಡದು.

ಮೂರನೇ ವರ್ಷದಲ್ಲಿ ಮಕ್ಕಳ ಶುಶ್ರೂಷೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಒಟ್ಟಿಗೆ ಬರುತ್ತವೆ. ಪ್ರಸೂತಿ ಶುಶ್ರೂಷೆ ಆರನೇ ಸೆಮಿಸ್ಟರಿನಲ್ಲಿ ಶುರುವಾಗಿ ಏಳರಲ್ಲಿ ಮುಗಿಯುತ್ತದೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಹಲವು ಕಾಲೇಜುಗಳು ವಿದ್ಯಾರ್ಥಿಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಕಳಿಸುತ್ತವೆ. ಅಲ್ಲಿ ಸೂಜಿ, ಬ್ಯಾಂಡೇಜುಗಳಿಗಿಂತ ಮಾತು ಮುಖ್ಯ, ಸುಮ್ಮನೆ ಕೂತು ಕೇಳುವುದು ಅದಕ್ಕಿಂತ ಮುಖ್ಯ. ಸಮುದಾಯ ಆರೋಗ್ಯಕ್ಕೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವೇ ವಾರ್ಡು. ಚೀಲ ಹೊತ್ತು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗುವುದು, ಬಾಣಂತಿಯನ್ನು ನೋಡುವುದು, ಅಂಗನವಾಡಿ ಮಕ್ಕಳ ತೋಳಿನ ಸುತ್ತಳತೆ ಅಳೆಯುವುದು ಅಲ್ಲಿನ ದಿನಚರಿ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ.

ಹೆರಿಗೆ ಕೋಣೆಯ ಕಲಿಕೆ ಎಲ್ಲಕ್ಕಿಂತ ಕಠಿಣ. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ, ಗರ್ಭಕಂಠ ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಹೇಗಿದೆ ಎಂಬುದನ್ನು ಪಾರ್ಟೋಗ್ರಾಫ್ ಎಂಬ ನಕ್ಷೆಯಲ್ಲಿ ಗುರುತಿಸುತ್ತ, ನೋಯುತ್ತಿರುವ ತಾಯಿಯ ಕೈಯನ್ನೂ ಹಿಡಿದಿರಬೇಕು. ಕೂಸು ಹುಟ್ಟಿದ ಒಂದನೇ ಮತ್ತು ಐದನೇ ನಿಮಿಷದಲ್ಲಿ ಮೈಬಣ್ಣ, ನಾಡಿ, ಪ್ರತಿಸ್ಪಂದನೆ, ಸ್ನಾಯುಗಳ ಬಿಗಿ, ಉಸಿರು ನೋಡಿ ಹತ್ತಕ್ಕೆ ಇಷ್ಟು ಎಂದು ಅಪ್ಗಾರ್ ಅಂಕ ಕೊಡಬೇಕು. ನಿಗದಿಪಡಿಸಿದಷ್ಟು ಹೆರಿಗೆಗಳನ್ನು ಮೇಲ್ವಿಚಾರಣೆಯಲ್ಲಿ ತಾವೇ ಮಾಡಿಸಿ ದಾಖಲೆ ತೋರಿಸಿದ ಮೇಲಷ್ಟೇ ಈ ವಿಷಯ ಪೂರ್ಣ. ಕಾಲೇಜಿನ ಆಸ್ಪತ್ರೆ ಯಾವುದು ಎಂಬ ಪ್ರಶ್ನೆಯ ತೂಕ ಇಲ್ಲಿ ತಿಳಿಯುತ್ತದೆ.

ಪರೀಕ್ಷೆಗಳಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪ್ರತ್ಯೇಕವಾಗಿ ಶೇ 50 ಬರಬೇಕು. ತರಗತಿಯ ಹಾಜರಿ ಶೇ 80 ಇದ್ದರೆ ಪರೀಕ್ಷೆಗೆ ಕೂರಬಹುದು, ಆದರೆ ಪದವಿ ಪಡೆಯಲು ಪ್ರಾಯೋಗಿಕ ಕೆಲಸದ ಹಾಜರಿ ಶೇ 100 ಆಗಿರಲೇಬೇಕು. ತಪ್ಪಿದ ದಿನಗಳನ್ನು ಮತ್ತೆ ಮಾಡಿ ತುಂಬಿಸಬೇಕು. ಎಷ್ಟೇ ಹಿಂದೆ ಬಿದ್ದರೂ ಎಂಟು ವರ್ಷಗಳೊಳಗೆ ಕೋರ್ಸು ಮುಗಿಯಬೇಕು. ಏಳನೇ ಸೆಮಿಸ್ಟರಿನಲ್ಲಿ ಸಂಶೋಧನೆ, ಸಂಖ್ಯಾಶಾಸ್ತ್ರದ ಪರಿಚಯವಿದೆ. ಎಂಟನೆಯದು ಪೂರ್ತಿ ಇಂಟರ್ನ್‌ಶಿಪ್: 22 ವಾರ, ವಯಸ್ಕರ ವಾರ್ಡಿನಿಂದ ಸಮುದಾಯದವರೆಗೆ ಐದೂ ವಿಭಾಗಗಳಲ್ಲಿ. ಪಾಳಿ ಬದಲಾಗುವಾಗ ಹ್ಯಾಂಡೋವರ್ ಕೊಡುವುದನ್ನು, ಐದಾರು ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ನಿರ್ಧರಿಸುವುದನ್ನು ವಿದ್ಯಾರ್ಥಿಗಳು ನಿಜವಾಗಿ ಕಲಿಯುವುದು ಈ ವಾರಗಳಲ್ಲಿ.

ಪದವಿ ಮುಗಿಸಿದವರು ನರ್ಸ್ ಮತ್ತು ಪ್ರಸೂತಿ ದಾದಿ ಎಂಬ ಎರಡೂ ಅರ್ಹತೆಗಳಲ್ಲಿ ನೋಂದಣಿ ಪಡೆಯುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿ, ಉಪಕೇಂದ್ರಗಳ ಮಟ್ಟದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗಳಿವೆ. ಏಮ್ಸ್‌ಗಳಿಗೆ ನಾರ್ಸೆಟ್ ಎಂಬ ಪ್ರತ್ಯೇಕ ಪರೀಕ್ಷೆ. ವಿದೇಶಕ್ಕೆ ಹೊರಟವರಿಗೆ ಅಮೆರಿಕದ ಎನ್‌ಕ್ಲೆಕ್ಸ್, ಕೊಲ್ಲಿ ದೇಶಗಳ ಪರವಾನಗಿ ಪರೀಕ್ಷೆಗಳು, ಜರ್ಮನಿಗಾದರೆ ಜರ್ಮನ್ ಭಾಷೆಯ ಅರ್ಹತೆ ಎದುರಾಗುತ್ತವೆ. ಮುಂದೆ ಓದುವವರಿಗೆ ಎರಡು ವರ್ಷಗಳ ಎಂ.ಎಸ್ಸಿ. ನರ್ಸಿಂಗ್ ಇದೆ, ಅದಕ್ಕೆ ಸೇರುವ ಮೊದಲು ಸಾಮಾನ್ಯವಾಗಿ ಒಂದು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ತೀವ್ರ ನಿಗಾ ಶುಶ್ರೂಷೆಯಲ್ಲಿ ಪರಿಣತಿ ಬಯಸುವವರಿಗೆ ನರ್ಸ್ ಪ್ರಾಕ್ಟೀಷನರ್ ಕೋರ್ಸು ಇದೆ. ಜಿ.ಎನ್.ಎಂ. ಮುಗಿಸಿ ಕೆಲಸದಲ್ಲಿರುವವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೂಲಕ ಇದೇ ಪದವಿಗೆ ತಲುಪಬಹುದು.