ಹದ ಎಂಬ ಅಳತೆ: ಮಣ್ಣಿನ ನೀರು, ವಿದ್ಯುತ್ಕಾಂತೀಯ ಅಲೆ ಮತ್ತು ಜತ್ತ ಸೀಮೆಯ ಒಂದು ಪದ

ಕನ್ನಡ ಎಂ.ಎ. ಓದೋರು ವಿದ್ಯುತ್ಕಾಂತೀಯ ಅಲೆಗಳ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನಿಸಬಹುದು. ನಾನು ಕೃಷಿಪದಗಳನ್ನು ಕೂಡಿಸುತ್ತಿದ್ದೇನೆ. ನಮ್ಮ ಶೇಗಾಂವ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನದು, ಮಳೆ ಕಡಿಮೆಯ ಸೀಮೆ. ಅಲ್ಲಿ 'ಹದ' ಅನ್ನುವ ಪದ ಬಿತ್ತನೆಯ ದಿನವನ್ನು ನಿರ್ಧರಿಸುತ್ತದೆ. ಯಂತ್ರ ಏನನ್ನು ಅಳೆಯುತ್ತದೆ ಎಂದು ತಿಳಿಯದೆ, ಈ ಪದ ಏನನ್ನು ಅಳೆಯುತ್ತದೆ ಎಂದು ಹೇಳುವುದು ಕಷ್ಟ ಅನಿಸಿತು.

ಮೊದಲು ಯಂತ್ರದ ಮಾತು. ನೀರಿನ ಅಣು ಡೊಂಕು ಆಕಾರದ್ದು. ಅದರ ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ. ವಿದ್ಯುತ್ ಕ್ಷೇತ್ರ ಯಾವ ಕಡೆ ತಿರುಗಿದರೆ ಆ ಕಡೆ ತಾನೂ ತಿರುಗಲು ನೋಡುತ್ತದೆ. ಒಂದು ವಸ್ತು ಕ್ಷೇತ್ರಕ್ಕೆ ಎಷ್ಟು ಮಣಿಯುತ್ತದೆ ಎಂಬುದನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಎನ್ನುತ್ತಾರೆ. ಗಾಳಿಗೆ ಅದು 1, ಒಣಮಣ್ಣಿಗೆ ಸುಮಾರು 3ರಿಂದ 5, ನೀರಿಗೆ ಮಾತ್ರ ಸುಮಾರು 80. ಎಲ್ಲ ಗುಟ್ಟು ಈ ಅಂತರದಲ್ಲೇ ಐತಿ ನೋಡ್ರಿ. ಮಣ್ಣಿಗೆ ಚೂರು ನೀರು ಸೇರಿದರೂ ಸ್ಥಿರಾಂಕ ಏರುತ್ತದೆ, ಅದರೊಳಗೆ ಹಾಯುವ ಅಲೆ ನಿಧಾನವಾಗುತ್ತದೆ.

ಎಷ್ಟು ನಿಧಾನ? ಗಾಳಿಯಲ್ಲಿ ಅಲೆ ಒಂದು ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ. 20 ಸೆಂ.ಮೀ. ಉದ್ದದ ಉಕ್ಕಿನ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿ ಅವುಗಳ ಗುಂಟ ಒಂದು ಮಿಡಿತ ಕಳಿಸೋಣ. ಸ್ಥಿರಾಂಕ 4 ಇರುವ ಒಣಮಣ್ಣಿನಲ್ಲಿ ಅದು ತುದಿ ಮುಟ್ಟಿ ಮರಳಲು 2.7 ನ್ಯಾನೋಸೆಕೆಂಡು ಸಾಕು. ಸ್ಥಿರಾಂಕ 25 ಇದ್ದರೆ 6.7 ಬೇಕು. 1980ರಲ್ಲಿ ಟಾಪ್, ಡೇವಿಸ್ ಮತ್ತು ಅನ್ನನ್ ಎಂಬ ಮೂವರು ಕೆನಡಾದ ವಿಜ್ಞಾನಿಗಳು ಸ್ಥಿರಾಂಕದಿಂದ ನೀರಿನ ಪ್ರಮಾಣ ಲೆಕ್ಕಹಾಕುವ ಸೂತ್ರ ಕೊಟ್ಟರು. ಅದರ ಪ್ರಕಾರ ಮೊದಲ ಮಣ್ಣಿನ ಗಾತ್ರದಲ್ಲಿ ನೀರು ಶೇ. 5ರ ಆಸುಪಾಸು, ಎರಡನೆಯದರಲ್ಲಿ ಶೇ. 40. ಅಲ್ಲಿಯವರೆಗಿನ ನಂಬಿಕೆಯ ಹಾದಿ ಅಂದ್ರೆ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುವುದು. ಈಗಲೂ ಮಾಪಕಗಳನ್ನು ತಾಳೆ ನೋಡುವುದು ಅದರಿಂದಲೇ.

ಇದೇ ತತ್ವ ಆಕಾಶದಿಂದಲೂ ನಡೆಯುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಕೂಡಿ ಮಾಡಿದ್ದು. ಅದರ ಭಾಗಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. ಸುಮಾರು 24 ಸೆಂ.ಮೀ. ಉದ್ದದ ರೇಡಾರ್ ಅಲೆಯನ್ನು ಅದು ನೆಲಕ್ಕೆ ಬಿಡುತ್ತದೆ, ಮರಳಿ ಬಂದದ್ದನ್ನು ನೋಡುತ್ತದೆ. ಹಸಿ ನೆಲ ಹೆಚ್ಚು ಮರಳಿಸುತ್ತದೆ. 12 ದಿನಕ್ಕೊಮ್ಮೆ ಅದೇ ಹಾದಿಗೆ ಬರುತ್ತದೆ. ಆದರೆ ಅದು ಕಾಣುವುದು ಮೇಲಿನ ಕೆಲವೇ ಸೆಂ.ಮೀ. ಹಸಿ, ನೆಲದ ಹೆಂಟೆ, ನಿಂತ ಬೆಳೆ ಕೂಡ ಲೆಕ್ಕ ಕೆಡಿಸುತ್ತವೆ. ಹಿಂಗಾರಿ ಜೋಳದ ಬೇರು ಬದುಕುವುದು ಅದಕ್ಕಿಂತ ಕೆಳಗಿನ ಹಸಿಯ ಮೇಲೆ.

ಈಗ ಪದಕ್ಕೆ ಬರುತ್ತೇನೆ. 'ಹದ' ಹಳಗನ್ನಡದ 'ಪದ'. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪ-ಕಾರ ಹ-ಕಾರವಾಗಿದೆ. ತಮಿಳಿನಲ್ಲಿ 'ಪದಂ' ಇಂದಿಗೂ ಬೆಂದ ಹದಕ್ಕೆ ಬಳಕೆಯಲ್ಲಿದೆ. ಬೆಲ್ಲದ ಪಾಕಕ್ಕೆ ಹದ, ಚರ್ಮಕ್ಕೆ ಹದ, ಮಾತಿಗೂ ಹದ. ಎಲ್ಲ ಕಡೆಯೂ ಇದು ಪ್ರಮಾಣವನ್ನಲ್ಲ, ಮುಂದಿನ ಕೆಲಸಕ್ಕೆ ಒದಗುವ ಸ್ಥಿತಿಯನ್ನು ಹೇಳುತ್ತದೆ. ನಮ್ಮಲ್ಲಿ ಹಿರಿಯರು 'ಒಂದ ಮುಟಗಿ ಹಿಡದ ನೋಡಪಾ' ಅಂತಾರೆ. ಹಿಚುಕಿದರೆ ಮಣ್ಣು ಉಂಡೆಯಾಗಬೇಕು, ಕೈಬಿಟ್ಟರೆ ಒಡೆಯಬೇಕು. ಅಂಗೈಗೆ ಮೆತ್ತಿದರೆ ಇನ್ನೂ ಹಸಿ. ಉಂಡೆಯೇ ಆಗದಿದ್ದರೆ ಹದ ಹೋತು.

ಯಂತ್ರ ಎಡವುವುದು ಸರಿಯಾಗಿ ಇಲ್ಲೇ. ಎರಿ ಭೂಮಿಯ ಜೇಡಿಯ ಕಣಗಳಿಗೆ ಅಂಟಿಕೊಂಡ ನೀರಿನ ಅಣುಗಳು ಸಲೀಸಾಗಿ ತಿರುಗಲಾರವು. ಹಾಗಾಗಿ ಟಾಪ್ ಸೂತ್ರ ಅಂಥ ಮಣ್ಣಿನಲ್ಲಿ ಇರುವುದಕ್ಕಿಂತ ಕಡಿಮೆ ನೀರು ತೋರಿಸಬಹುದು. ಅದನ್ನು ತಿದ್ದಿಕೊಂಡೆವು ಅನ್ನಿ. ಆಗಲೂ ಮಸಾರಿಯಲ್ಲಿ ಶೇ. 20 ಅಂದ್ರೆ ಬೆಳೆಗೆ ಹಬ್ಬ, ಎರಿಯಲ್ಲಿ ಅದೇ ಶೇ. 20ಕ್ಕೆ ಗಿಡ ಬಾಡುತ್ತಿರಬಹುದು, ಯಾಕಂದ್ರೆ ಜೇಡಿ ಹಿಡಿದ ನೀರನ್ನು ಬೇರು ಎಳೆಯಲಾರದು. ಕೈಯ ಉಂಡೆ ಮಾತ್ರ ಮಣ್ಣಿನ ಜಾತಿಯನ್ನೂ ನೀರನ್ನೂ ಕೂಡಿಸಿಯೇ ಉತ್ತರ ಕೊಡುತ್ತದೆ. ಹಾಗಂತ ಕೈಯೇ ಮೇಲು ಅನ್ನುವ ವಾದ ನನ್ನದಲ್ಲ. ಅಂಗೈ ಒಂದು ಅಡಿ ಕೆಳಗಿನದನ್ನು ಹೇಳದು, ಹತ್ತು ಊರಿನದನ್ನಂತೂ ಹೇಳಲೇ ಹೇಳದು.

ರೈತರಿಗೆ ಮೊಬೈಲಿನಲ್ಲಿ 'ತೇವಾಂಶ ಶೇ. 22' ಅಂತ ಬಂದರೆ ಅದು ಉತ್ತರವಲ್ಲ, ಅವರು ಕೇಳುವುದು 'ಹದಾ ಐತೇನು?' ಅಂತ. ತಪ್ಪು ದಿನ ಬಿತ್ತಿದ ಮಾಲದಂಡಿ ಜೋಳಕ್ಕೆ ಹಿಂಗಾರಿಯಲ್ಲಿ ಎರಡನೇ ಅವಕಾಶ ಸಿಗುವುದು ಅಪರೂಪ. ಆದ್ದರಿಂದ ನನ್ನ ಸೂಚನೆ ಇಷ್ಟು: ಎರಿ, ಮಸಾರಿ, ಮಡ್ಡಿ, ಒಂದೊಂದರಲ್ಲೂ ರೈತರು 'ಹದ' ಅಂದ ದಿನ ಮಾಪಕದ ಅಂಕಿ ಬರೆದಿಟ್ಟುಕೊಳ್ಳಬೇಕು, ಒಲೆಯಲ್ಲಿ ಒಣಗಿಸಿ ತೂಗಿದ ಅಂಕಿಯನ್ನೂ ಪಕ್ಕದಲ್ಲಿಡಬೇಕು. ಆಗ ಪದಕೋಶದ ನಮೂದು ಮತ್ತು ಮಾಪಕದ ಪಟ್ಟಿ ಒಂದೇ ಹಾಳೆಯಲ್ಲಿ ಬರುತ್ತವೆ. ಇದಕ್ಕೆ ಭಾಷೆ ಗೊತ್ತಿದ್ದವರು ಬೇಕು. ಭೌತಶಾಸ್ತ್ರದ ಮಿತ್ರರು ಒಬ್ಬರೇ ಮಾಡಲಾರರು.

ವಿಜಯಪುರ, ಕಲಬುರಗಿ ಕಡೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಹಸಿಗೂ ಹದಕ್ಕೂ ನಡುವಿನ ಹಂತಕ್ಕೆ ಬೇರೆ ಹೆಸರು ಇದೆಯೇ ಎಂಬುದನ್ನು ಈಗ ಚರ್ಚೆಯಲ್ಲಿ ದಯವಿಟ್ಟು ಹೇಳಿ, ಬರೆದುಕೊಳ್ಳುತ್ತೇನೆ.