ತೋಳಿನ ನೋವಿಗೆ ಸೊಂಟವನ್ನೂ ನೋಡಿ
ಹಿರೇನಲ್ಲೂರಿನ ಬಯಲಲ್ಲಿ ಸಂಜೆಯಿಡೀ ಬೌಲಿಂಗ್ ಮಾಡಿ ಬಂದ ಮಗ ಭುಜ ನೋವೆಂದರೆ ತಾಯಂದಿರು ಎಣ್ಣೆ ತಿಕ್ಕಿ ಸುಮ್ಮನಾಗುವುದುಂಟು. ಆದರೆ ಚೆಂಡಿನ ವೇಗವೆಲ್ಲ ತೋಳಿನದಲ್ಲ. ಅದು ಕಾಲಿನಿಂದ ಹೊರಟು ಸೊಂಟದ ಮೂಲಕ ಭುಜಕ್ಕೆ ಏರುತ್ತದೆ. ಸೊಂಟದ ಕೀಲು ಬಿಗಿಯಾಗಿ ಸರಿಯಾಗಿ ತಿರುಗದಿದ್ದರೆ ಆ ಕೊರತೆಯನ್ನು ಭುಜ, ಮೊಣಕೈಗಳೇ ತುಂಬಬೇಕಾಗುತ್ತದೆ. ಬೇಸ್‌ಬಾಲ್ ಎಸೆಯುವ ಹುಡುಗರಲ್ಲೂ ವೈದ್ಯರು ಈ ನಂಟನ್ನು ಗಮನಿಸಿದ್ದಾರೆ.

ಬೆಳೆಯುವ ಮಕ್ಕಳ ಎಲುಬಿನ ತುದಿ ಇನ್ನೂ ಮೃದು. ಪಳಗಿದ ವೇಗಿ ಜಾವಗಲ್ ಶ್ರೀನಾಥ್ ಅವರೇ ಭುಜದ ಗಾಯದಿಂದ 1997ರಲ್ಲಿ ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು. ಹೀಗಿರುವಾಗ ಎಳೆಯ ತೋಳಿನ ಪಾಡೇನು?

ಮಗನ ಆಟ ಬಿಡಿಸಬೇಕಿಲ್ಲ. ಆಡುವ ಮುನ್ನ ಸೊಂಟ, ತೊಡೆಗಳನ್ನು ಸಡಿಲಿಸುವ ವ್ಯಾಯಾಮ ಮಾಡಿಸಿ; ಎಸೆತಗಳಿಗೆ ಮಿತಿಯಿರಲಿ, ನಡುವೆ ಬಿಡುವಿರಲಿ. ನೋವು ಕಂಡ ದಿನವೇ ಬೌಲಿಂಗ್ ನಿಲ್ಲಿಸಿ. ಕಡಿಮೆಯಾಗದಿದ್ದರೆ ಎಲುಬಿನ ವೈದ್ಯರಿಗೆ ತೋರಿಸಿ.