ಕುದಿಸಿದರೆ ಹೋಗದ ಫ್ಲೋರೈಡ್

ತೆಲಿಗಿ ಕಡೆಯ ತಾಯಿಯೊಬ್ಬರು ಎಂಟು ವರ್ಷದ ಮಗಳನ್ನು ಕರೆತಂದಿದ್ದರು. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಗೆರೆ, ನಡುವೆ ಕಂದು ಕಲೆ. ದಿನವೂ ಮಿಸ್ವಾಕ್ ಮಾಡಿಸಿದರೂ ಹೋಗುತ್ತಿಲ್ಲ ಎಂಬುದು ಅವರ ದೂರು. ‘ನೀರು ಕುದಿಸೇ ಕೊಡ್ತೀವಿ ಹಕೀಂ ಸಾಬ್ರೆ, ಆದ್ರೂ ಯಾಕೆ ಹಿಂಗಾತು?’ ಎಂದರು. ಅವರ ಕಂಕುಳಲ್ಲಿ ಎರಡು ವರ್ಷದ ಇನ್ನೊಂದು ಮಗುವಿತ್ತು.

ಆ ಕಲೆ ಕೊಳೆಯಲ್ಲ. ಹಲ್ಲು ವಸಡಿನೊಳಗೆ ಬೆಳೆಯುತ್ತಿದ್ದಾಗಲೇ ದೇಹ ಸೇರಿದ ಹೆಚ್ಚಿನ ಫ್ಲೋರೈಡ್‌ನ ಗುರುತು. ಹರಪನಹಳ್ಳಿ, ಕೂಡ್ಲಿಗಿ ಭಾಗದ ಗಟ್ಟಿ ಕಲ್ಲಿನ ನೆಲದಲ್ಲಿ ಬೋರು ಆಳಕ್ಕಿಳಿದಂತೆ ಕಲ್ಲಿನ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಬೋರಿನಲ್ಲಿ ಇದ್ದದ್ದು ಪಕ್ಕದ ಬೋರಿನಲ್ಲಿ ಇಲ್ಲದಿರಬಹುದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಮಾತ್ರ. ಅದಕ್ಕಿಂತ ಬಹಳ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತದೆ. ಸೊಂಟ, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ಸಜ್ದಾಕ್ಕೆ ಬಾಗುವುದೇ ಕಷ್ಟವಾಗುತ್ತದೆ.

ನಮ್ಮ ಯೂನಾನಿಯ ಇಬ್ನ್ ಸೀನಾ ಕೆಟ್ಟ ನೀರಿಗೆ ಕುದಿಸುವುದು, ಬಟ್ಟಿ ಇಳಿಸುವುದು ಎರಡನ್ನೂ ಹೇಳಿದ್ದಾರೆ. ಇವೆರಡೂ ಒಂದೇ ಅಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಪಾತ್ರೆಯಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯ ಸೋಸುವಿಕೆ, ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವಕ್ಕೂ ಅದು ಜಗ್ಗುವುದಿಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವ ಆರ್‌ಒ ಪೊರೆ ಅದನ್ನು ತಡೆಯುತ್ತದೆ. ಪಂಪಿನ ಒತ್ತಡಕ್ಕೆ ನೀರು ಪೊರೆ ದಾಟುತ್ತದೆ, ಲವಣಗಳು ಬಹುಪಾಲು ಹಿಂದೆ ಉಳಿಯುತ್ತವೆ. ಇದಕ್ಕೆ ವಿದ್ಯುತ್ ಬೇಕು, ನೀರೂ ಪೋಲಾಗುತ್ತದೆ. ಪೊರೆ ಸವೆದರೆ ಫ್ಲೋರೈಡ್ ಮತ್ತೆ ನುಸುಳುತ್ತದೆ.

ಹೊಸ ಪೊರೆಗಳ ಹುಡುಕಾಟದಲ್ಲಿ ಈಗ ಕೇಳಿಬರುವ ಹೆಸರು ಗ್ರಾಫೀನ್. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನ ಒಂದೇ ಒಂದು ಪದರ ಅದು. ದಪ್ಪ ಒಂದು ಪರಮಾಣುವಿನಷ್ಟು. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಅಂಟುಪಟ್ಟಿಯಿಂದ ಎಬ್ಬಿಸಿ ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಪಡೆದರು. ಇದರ ಆಕ್ಸೈಡ್ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನ ಸಂದಿಯಲ್ಲಿ ನೀರು ಹರಿಯುತ್ತದೆ. ಲವಣದ ಕಣಗಳು ತಮ್ಮ ಸುತ್ತ ನೀರನ್ನು ಹೊದ್ದುಕೊಂಡು ದಪ್ಪಗಾಗಿರುವುದರಿಂದ ಅಲ್ಲಿ ನುಗ್ಗಲಾರವು. ಆದರೆ ನೆನೆದಾಗ ಹಾಳೆಗಳು ಉಬ್ಬಿ ಸಂದಿ ಅಗಲವಾಗುತ್ತಿತ್ತು. 2017ರಲ್ಲಿ ಅದೇ ವಿಶ್ವವಿದ್ಯಾಲಯದ, ಕೇರಳ ಮೂಲದ ರಾಹುಲ್ ನಾಯರ್ ಅವರ ತಂಡ ಎರಡೂ ಬದಿಗೆ ಎಪಾಕ್ಸಿ ಅಂಟಿನ ಗೋಡೆ ಕಟ್ಟಿ ಆ ಉಬ್ಬುವಿಕೆಯನ್ನು ತಡೆದು ತೋರಿಸಿತು. ಇದು ದೊಡ್ಡ ಹೆಜ್ಜೆ. ಆದರೆ ಪ್ರಯೋಗಾಲಯದ ತುಣುಕಿಗೂ ಊರಿಗೆ ನೀರು ಕೊಡುವ ಯಂತ್ರಕ್ಕೂ ಬಹಳ ದೂರವಿದೆ. ಯಾರಾದರೂ ‘ಗ್ರಾಫೀನ್ ಫಿಲ್ಟರ್’ ಎಂದು ಮನೆ ಬಾಗಿಲಿಗೆ ಬಂದರೆ, ನಿಮ್ಮ ಬೋರಿನ ನೀರು ಹಾಕಿಸಿ, ಹೊರಬಂದ ನೀರಿನ ಫ್ಲೋರೈಡ್ ಪರೀಕ್ಷೆಯ ಚೀಟಿ ಕೇಳಿ. ಅವರು ತೋರಿಸುವ ಟಿಡಿಎಸ್ ಮೀಟರ್ ಫ್ಲೋರೈಡನ್ನು ಪ್ರತ್ಯೇಕವಾಗಿ ಅಳೆಯುವುದಿಲ್ಲ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು ಹೀಗಿದೆ.

ಮೊದಲು ನೀರು ಪರೀಕ್ಷಿಸಿ. ಜಲ ಜೀವನ್ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಡಲಾಗಿದೆ, ಕೇಳಿ ಮಾಡಿಸಿಕೊಳ್ಳಿ. ಘಟಕದ ನೀರನ್ನೂ ಆಗಾಗ ಪರೀಕ್ಷಿಸುವಂತೆ ಒತ್ತಾಯಿಸಿ.

ಶುದ್ಧ ನೀರು ಕುಡಿಯಲು ಮಾತ್ರ ಸಾಲದು. ಅನ್ನ, ಬೇಳೆ, ಚಹಾಕ್ಕೂ ಅದೇ ಬೇಕು. ಎಷ್ಟೋ ಮನೆಗಳಲ್ಲಿ ಲೋಟಕ್ಕೆ ಘಟಕದ ನೀರು, ಒಲೆಯ ಮೇಲೆ ಬೋರಿನ ನೀರು. ಚಹಾ ಸೊಪ್ಪಿನಲ್ಲಿಯೂ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಚಹಾ ಬೇಡ. ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಕೊಡಿ.

ಆರ್‌ಒ ಹೊರತಳ್ಳುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಆಡು, ಕುರಿಗೆ ಕುಡಿಸಬೇಡಿ. ವುಝೂ, ಸ್ನಾನಕ್ಕೆ ಬೋರಿನ ನೀರೇ ಸಾಕು, ಚರ್ಮದಿಂದ ಫ್ಲೋರೈಡ್ ಇಳಿಯುವ ಭಯ ಬೇಡ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಲ್ಲಿ ಬಿಟ್ಟುಕೊಂಡು ನಿಲ್ಲುವ ನಾವು ಇದನ್ನು ನೆನೆಯಬೇಕು.

ನನ್ನದೊಂದು ತಪ್ಪನ್ನೂ ಹೇಳಬೇಕು. ಕೀಲುನೋವೆಂದು ಬಂದ ಹಲವರಿಗೆ ವರ್ಷಗಳ ಕಾಲ ಸೂರಂಜಾನ್ ಕೊಟ್ಟೆ, ಎಣ್ಣೆ ಕೊಟ್ಟೆ. ‘ಯಾವ ನೀರು ಕುಡಿಯುತ್ತೀರಿ?’ ಎಂದು ಕೇಳಲಿಲ್ಲ. ನೀರು ಬದಲಾಗದೆ ಔಷಧಿ ಏನು ಮಾಡೀತು? ಈಗ ನಾಡಿ ಹಿಡಿಯುವ ಮೊದಲೇ ಆ ಪ್ರಶ್ನೆ ಕೇಳುತ್ತೇನೆ.

ಆ ಹುಡುಗಿಯ ಹಲ್ಲಿನ ಕಲೆ ಔಷಧಿಯಿಂದ ಹೋಗದು; ಮುಂದೆ ದಂತವೈದ್ಯರು ಮುಚ್ಚಬಲ್ಲರು. ಆದರೆ ಅವಳ ತಮ್ಮನ ಶಾಶ್ವತ ಹಲ್ಲುಗಳು ಇನ್ನೂ ವಸಡಿನೊಳಗೆ ಬೆಳೆಯುತ್ತಿವೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಕಾಲವೇ ಮುಖ್ಯ. ‘ಇವತ್ತಿನಿಂದ ಅನ್ನಕ್ಕೂ ಘಟಕದ ನೀರು’ ಎಂದು ಹೇಳಿ ಆ ತಾಯಿ ಎದ್ದರು. ಅಲ್ಲಾಹನು ಆ ಮಗುವಿನ ನಗುವನ್ನು ಕಾಪಾಡಲಿ.